ಮಳೆಗಾಲಕ್ಕೆ ಬಿಟ್ಟ ಸಂದು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಬಹ್ರೈನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಸಲ್ಮಾಬಾದಿನ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿ ನಾನೇ ಹಿರಿಯ ಬಡಗಿ. ಊರು ಕಾರ್ಕಳದ ಕಡೆ. ಅಪ್ಪನೂ ಬಡಗಿ, ಅಜ್ಜನೂ ಬಡಗಿ. ನಮ್ಮ ಕಡೆಯವರು ನನ್ನನ್ನು ಆಚಾರ್ರೆ ಎನ್ನುತ್ತಾರೆ, ಅರಬರು ನಜ್ಜಾರ್ ಎನ್ನುತ್ತಾರೆ, ಎರಡಕ್ಕೂ ತಿರುಗಿ ನೋಡುತ್ತೇನೆ. ಹೋಟೆಲಿನ ಕೌಂಟರು, ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಬಾಗಿಲು, ಅಡುಗೆಮನೆಯ ಕಪಾಟು, ಹೀಗೆ ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಒಬ್ಬನೇ ಒಬ್ಬ ಗಿರಾಕಿ ತಿರುಗಿ ಬಂದು ದೂರು ಹೇಳಿದ್ದಿಲ್ಲ. ಈ ಕೋವಿಯ ವಿಷಯ ಬರುವ ತನಕ.

ಅದು ಜನವರಿ ತಿಂಗಳು, ಇಲ್ಲಿ ಬಿಸಿಲಿನಲ್ಲಿ ನಿಂತು ಚಾ ಕುಡಿಯಬಹುದಾದ ತಿಂಗಳು. ಊಟ ಮುಗಿಸಿ ಕೈ ತೊಳೆದು ಬರುವಾಗ ಗೇಟಿನ ಹತ್ತಿರ ಒಂದು ಬಿಳಿ ಕಾರು ನಿಂತಿತ್ತು. ಇಳಿದವರು ಈಸಾ ಟೌನಿನ ಟೀಚರ್. ಬಹ್ರೈನಿ ಹೆಂಗಸು, ವಯಸ್ಸು ನಲವತ್ತೈದರ ಆಸುಪಾಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಅವರ ಮನೆಗೆ ಬಾಗಿಲುಗಳನ್ನೆಲ್ಲ ನಾನೇ ಮಾಡಿಕೊಟ್ಟಿದ್ದೆ. ಸಿನಿಮಾ ನೋಡಿ ಕಲಿತ ಅವರ ಹಿಂದಿಗೂ ಸಿಟ್ಟು ಬಂದಾಗ ಮಾತ್ರ ಸರಿಯಾಗಿ ಬರುವ ನನ್ನ ಅರಬ್ಬಿಗೂ ಒಳ್ಳೆಯ ಹೊಂದಾಣಿಕೆ. ಈಗ ಅವರ ಬಗಲಲ್ಲಿ ಸ್ನಾನದ ಟವೆಲು ಸುತ್ತಿದ ಉದ್ದನೆಯ ವಸ್ತುವೊಂದಿತ್ತು.

"ಉಸ್ತಾದ್, ನಿಮ್ಮ ಬಾಗಿಲು ಇವತ್ತಿನವರೆಗೆ ಒಂದೂ ಹಿಡಿದುಕೊಂಡಿಲ್ಲ," ಎಂದರು.

"ಹಿಡಿಯುವುದಿಲ್ಲ ಟೀಚರ್. ಮಾಡಿದ್ದು ಯಾರು?" ಎಂದೆ. ವಿನಯ ನನಗೆ ಒಗ್ಗದ ಬಟ್ಟೆ.

ಅವರು ನನ್ನ ಮೇಜಿನ ಮೇಲೆ ಟವೆಲು ಬಿಡಿಸಿದರು. ಅಷ್ಟರಲ್ಲಿ ನಮ್ಮ ಫೋರ್‌ಮನ್ ಬಂದ. ಮಂಗಳೂರಿನ ಬ್ಯಾರಿ, ಒಳ್ಳೆಯ ಮನುಷ್ಯ, ಆದರೆ ಕಾಗದ ಪತ್ರ ಎಂದರೆ ಜೀವ ಕೈಯಲ್ಲಿ ಹಿಡಿದುಕೊಳ್ಳುವವ. ಟವೆಲಿನ ಮೇಲೆ ಮಲಗಿದ್ದ ಆಕಾರ ನೋಡಿದ್ದೇ ಎರಡು ಹೆಜ್ಜೆ ಹಿಂದೆ ಹೋದ.

"ಅಲ್ಲ ಆಚಾರ್ರೆ, ಇದು ಕೋವಿ ಅಲ್ವಾ ಮಾರಾಯ್ರೆ! ನಮ್ಮನ್ನೆಲ್ಲ ಒಟ್ಟಿಗೆ ಪ್ಲೇನ್ ಹತ್ತಿಸ್ತೀರಾ?"

"ಕಣ್ಣು ಬಿಟ್ಟು ನೋಡಿ. ಬರೀ ಮರ. ಕಬ್ಬಿಣ ಎಲ್ಲುಂಟು ಇದರಲ್ಲಿ?" ಎಂದೆ.

ಹೌದು, ಬರೀ ಮರ. ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ, ಕೈ ಹಿಡಿಯುವ ನಡುಭಾಗ, ನಳಿಗೆಯ ಕೆಳಗೆ ಚಾಚುವ ಮುಂಭಾಗ, ಎಲ್ಲ ಒಂದೇ ಅಕ್ರೋಟಿನ ಮರದ ತುಂಡಿನಿಂದ ಕೆತ್ತಿದ್ದು. ಕಬ್ಬಿಣವೆಲ್ಲ ಶೂಟಿಂಗ್ ಕ್ಲಬ್ಬಿನ ಬೀಗ ಹಾಕಿದ ಕೋಣೆಯಲ್ಲೇ ಇತ್ತು, ಅದು ಹೊರಗೆ ಬರುವ ಹಾಗಿಲ್ಲ. ಮರ ಮಾತ್ರ ಹೊರಗೆ ತರಲು ಕ್ಲಬ್ಬಿನವರು ಮೊಹರು ಹಾಕಿದ ಕಾಗದ ಕೊಟ್ಟಿದ್ದರು. ಫೋರ್‌ಮನ್ ಅದನ್ನು ಮೂರು ಸಲ ಓದಿದ, ಫೋಟೋ ತೆಗೆದ, ನಮ್ಮ ಧಣಿ ಅರಬಾಬನಿಗೆ ಕಳಿಸಿದ, ಅಲ್ಲಿಂದ ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ ಎಂದು ಉತ್ತರ ಬರುವ ತನಕ ಮೇಜಿನ ಹತ್ತಿರವೇ ಕಾವಲು ನಿಂತ.

ಟೀಚರ್ ವಿಷಯ ಹೇಳಿದರು. ಅವರು ಕ್ಲಬ್ಬು ಸೇರಿ ಎರಡು ವರ್ಷ ದಾಟಿತ್ತು. ಆಟ ಬಿಟ್ಟ ಸದಸ್ಯರೊಬ್ಬರಿಂದ ಈ ಸೆಮಿ ಆಟೋಮ್ಯಾಟಿಕ್ ಕೋವಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಕಾಗದದ ಗುರಿಗೆ ಹೊಡೆಯುವ ಸಣ್ಣ ಗುಂಡಿನದ್ದು. ಮೊದಲ ಐದಾರು ಗುಂಡು ಒಂದೇ ಜಾಗದಲ್ಲಿ ಕೂರುತ್ತವೆ, ಆಮೇಲೆ ಒಂದು ಎಡಕ್ಕೆ, ಒಂದು ಕೆಳಕ್ಕೆ, ಒಂದು ಎಲ್ಲಿಗೋ. ವರ್ಷಕ್ಕೊಮ್ಮೆ ಹೆಂಗಸರ ತಂಡಕ್ಕೆ ಐದು ಜನರನ್ನು ಆರಿಸುತ್ತಾರೆ. ಎರಡು ವರ್ಷವೂ ಇವರಿಗೆ ಆಗಲಿಲ್ಲ. ಕೋಚ್ ಹೇಳಿದ್ದು, ಕೈ ಸರಿ ಇಲ್ಲ. ಅಣ್ಣ ಹೇಳಿದ್ದು, ಕೈ ಸರಿ ಇಲ್ಲ. ಕಾಲೇಜಿಗೆ ಹೋಗುವ ಮಗಳು ಕೂಡ, ಉಮ್ಮಾ ನಿನ್ನ ಕೈ ಎಂದಳಂತೆ.

"ಆದರೆ ಒಳಗೆ ಏನೋ ಅಲುಗಾಡುತ್ತದೆ ಉಸ್ತಾದ್. ನನ್ನ ಕೆನ್ನೆಗೆ ಗೊತ್ತಾಗುತ್ತದೆ. ಇನ್ನು ಮೂರು ವಾರಕ್ಕೆ ಆಯ್ಕೆ. ಈ ಸಲ ಆಗದಿದ್ದರೆ ಬಿಟ್ಟುಬಿಡುತ್ತೇನೆ, ಖಲಾಸ್."

ನಾನು ಮರವನ್ನು ತಿರುಗಿಸಿ ನೋಡಿದೆ. ಮೇಲ್ಭಾಗದಲ್ಲಿ ಕಬ್ಬಿಣ ಕೂರಲು ಉದ್ದಕ್ಕೆ ಗುಂಡಿ ಕೆತ್ತಿದ್ದಾರೆ. ಆ ಗುಂಡಿಯ ಹಿಂದಿನ ಗೋಡೆ ಕಪ್ಪಾಗಿತ್ತು. ಉಗುರು ಒತ್ತಿದರೆ ಒಳಗೆ ಇಳಿಯಿತು. ಹಳೆಯ ಯಜಮಾನ ಪ್ರೀತಿಯಲ್ಲಿ ಎಣ್ಣೆ ಹಾಕಿದ್ದೇ ಹಾಕಿದ್ದು. ವರ್ಷಗಟ್ಟಲೆ ಎಣ್ಣೆ ಕುಡಿದು ಮರ ನೆನೆದ ಬಿಸ್ಕತ್ತಿನ ಹಾಗಾಗಿತ್ತು. ಒಂದೊಂದು ಗುಂಡು ಹಾರುವಾಗಲೂ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ, ಒದೆತ ತಡೆಯಬೇಕಾದ ಜಾಗವೇ ಮೆತ್ತಗಾದರೆ ಅದು ಅಲುಗದೆ ಇನ್ನೇನು ಮಾಡೀತು!

"ಕಾಯಿಲೆ ಸಿಕ್ಕಿತು ಟೀಚರ್. ನಾಲ್ಕು ದಿನ ಕೊಡಿ. ಆಮೇಲೆ ಯಾರು ಕೈ ಅಂತ ಹೇಳ್ತಾರೆ ನೋಡುವ," ಎಂದೆ. ಅವರ ಮುಖ ಅರಳಿತು. ನನಗೂ ಖುಷಿಯಾಯಿತು, ಯಾಕೆಂದರೆ ಆ ವಾರ ಪೂರ್ತಿ ನಾನು ಪ್ಲೈವುಡ್ಡಿನ ಪೆಟ್ಟಿಗೆಗಳನ್ನೇ ಕೊಯ್ದು ಬೇಸತ್ತಿದ್ದೆ.

ಹಾಳಾದ ಭಾಗವನ್ನೆಲ್ಲ ಕೆತ್ತಿ ತೆಗೆದೆ. ಹೋಟೆಲಿನ ಕೆಲಸದಲ್ಲಿ ಉಳಿದ ಅಕ್ರೋಟಿನ ತುಂಡು ಒಂದಿತ್ತು, ಎಳೆಗೆ ಎಳೆ ಹೊಂದುವ ಹಾಗೆ ಕೂರಿಸಿ ಅಂಟು ಹಾಕಿ ಬಿಗಿದೆ. ಕಬ್ಬಿಣ ನನ್ನ ಹತ್ತಿರ ಇರಲಿಲ್ಲ, ಕ್ಲಬ್ಬಿನ ಕೋವಿ ಮೇಸ್ತ್ರಿ ಅಳತೆಗಳನ್ನು ಕಾಗದದ ಮೇಲೆ ಬರೆದು ಕಳಿಸಿದ್ದ. ಆ ಅಳತೆಗೆ ಹೊಸ ಗುಂಡಿ ತೆಗೆದೆ. ಉಳಿ ಹಿಡಿದರೆ ನನಗೆ ಹಾಡು ಬರುತ್ತದೆ. ಬರುವುದು ಅರ್ಧ ಹಾಡು, ಉಳಿದರ್ಧ ಫೋರ್‌ಮನ್ ಬೈದು ನಿಲ್ಲಿಸುತ್ತಾನೆ. ನಾಲ್ಕನೇ ದಿನ ಮರಕ್ಕೆ ಹೊಳಪು ಕೊಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ.

ನಮ್ಮದು ಗುಫೂಲಿನಲ್ಲಿ ಮೂರನೇ ಮಹಡಿಯ ಒಂದು ಸಣ್ಣ ಫ್ಲ್ಯಾಟು. ನನ್ನ ಹೆಂಡತಿ ಈಸಾ ಟೌನಿಗೆ ಹೋಗುವ ಶಾಲೆಯ ಬಸ್ಸೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಐವತ್ತು ಮಕ್ಕಳನ್ನು ದಿನಕ್ಕೆ ಎರಡು ಸಲ ಸುಮ್ಮನೆ ಕೂರಿಸುವವಳಿಗೆ ನಾನು ಯಾವ ಲೆಕ್ಕ?

"ಚಂದ ಉಂಟು," ಎಂದಳು. "ಗಟ್ಟಿ ಉಂಟಾ?"

"ನನ್ನ ಕೆಲಸ ನೋಡಿ ಗಟ್ಟಿ ಉಂಟಾ ಅಂತ ಕೇಳ್ತೀಯಲ್ಲ!"

"ಕೇಳಿದ್ದಕ್ಕೆ ಉಂಟು ಅಂತ ಹೇಳಿದ್ರೆ ಆಯ್ತಪ್ಪ. ಇಷ್ಟು ಸಿಟ್ಟು ಎಂತಕ್ಕೆ?"

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ಶನಿವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಫೋನ್ ಬಂತು. ಟೀಚರ್. ಬೆಳಿಗ್ಗೆ ಕ್ಲಬ್ಬಿನಲ್ಲಿ ಹೊಸ ಮರ ಹಾಕಿಸಿ ಅಭ್ಯಾಸ ಮಾಡಿದ್ದರು. ಮೊದಲ ಆರು ಗುಂಡು ಸರಿಯಾಗಿತ್ತಂತೆ. ಆಮೇಲೆ ಮತ್ತೆ ಅದೇ ಕಥೆ, ಎಡಕ್ಕೆ, ಕೆಳಕ್ಕೆ, ಎಲ್ಲಿಗೋ. ಸ್ಕ್ರೂ ಬಿಗಿಯಾಗಿದೆ, ಮರ ಹೊಸದು, ಇನ್ನು ನೀವೇ ನೋಡಿಕೊಳ್ಳಬೇಕು ಎಂದು ಕೋಚ್ ಹೇಳಿದನಂತೆ.

"ಉಸ್ತಾದ್, ಮರದಲ್ಲಿ ಇನ್ನೂ ಏನಾದರೂ..."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ದೂರು, ಅದೂ ಇಷ್ಟು ಚಂದದ ಕೆಲಸಕ್ಕೆ. ಬಾಯಲ್ಲಿದ್ದ ಅನ್ನ ನುಂಗಿ ಹೇಳಿಯೇಬಿಟ್ಟೆ: "ಮರದಲ್ಲಿ ಏನೂ ಇಲ್ಲ ಟೀಚರ್. ನನ್ನ ಕೆಲಸದಲ್ಲಿ ತಪ್ಪಿಲ್ಲ. ನೀವು ನಿಮ್ಮ ಕೈ ನೋಡಿಕೊಳ್ಳಿ."

"ಶುಕ್ರನ್, ಉಸ್ತಾದ್," ಎಂದು ಧನ್ಯವಾದ ಹೇಳಿ ಟೀಚರ್ ಫೋನ್ ಇಟ್ಟರು.

ಹೆಂಡತಿ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಕೋವಿ ನೋಡಿದ್ದೀರಾ ನೀವು?"

"ಇಲ್ಲ. ಮರ ನೋಡಿದ್ದೇನೆ."

"ಅವರು ಹೊಡೆಯುವುದು ನೋಡಿದ್ದೀರಾ?"

"ಇಲ್ಲ."

"ಮತ್ತೆ ಕೈ ಅಂತ ಹೇಗೆ ಹೇಳಿದ್ರಿ? ಬಾಯಿ ಉಂಟು ಅಂತಲಾ?"

ನಾನು ಸಾರು ಉಪ್ಪಾಗಿದೆ ಎಂದೆ. ಉಪ್ಪಾಗಿರಲಿಲ್ಲ.

ನಾಲ್ಕು ದಿನ ಮುಖ ಊದಿಸಿಕೊಂಡೇ ತಿರುಗಿದೆ. ಬುಧವಾರ ಫೋರ್‌ಮನ್ ಚಾ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ.

"ಆ ಟೀಚರ್ ಫೋನ್ ಮಾಡಿದ್ರು ಆಚಾರ್ರೆ. ನಿಮಗಲ್ಲ, ನನಗೆ. ಕೆಲಸ ತುಂಬ ಚಂದ ಆಗಿತ್ತು, ಉಸ್ತಾದನಿಗೆ ಥ್ಯಾಂಕ್ಸ್ ಹೇಳಿ ಅಂದ್ರು. ಕೋವಿ ಮಾರ್ತಾರಂತೆ. ಆಯ್ಕೆಯ ಪಟ್ಟಿಯಿಂದ ಹೆಸರು ತೆಗೀಲಿಕ್ಕೆ ಹೇಳಿದ್ದಾರಂತೆ."

"ಯಾಕಂತೆ?"

"ಎಲ್ಲರೂ ಒಂದೇ ಮಾತು ಹೇಳಿದ ಮೇಲೆ ಅದೇ ಸತ್ಯ ಇರಬೇಕು ಅಂದ್ರು ಮಾರಾಯ್ರೆ. ಎಂತ ಮಾತು ಅಂತ ನಂಗೆ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಕೋಚ್, ಅಣ್ಣ, ಮಗಳು ಹೇಳಿದಾಗ ಬಗ್ಗದೆ ಮರ ಹೊತ್ತುಕೊಂಡು ನನ್ನ ಹತ್ತಿರ ಬಂದಿದ್ದ ಹೆಂಗಸು, ನಾನೂ ಅದನ್ನೇ ಹೇಳಿದ ಮೇಲೆ ಕೈಬಿಟ್ಟಿದ್ದರು. ಹೆಂಡತಿಯ ಪ್ರಶ್ನೆ ನಾಲ್ಕು ದಿನದಿಂದ ಕಿವಿಯಲ್ಲೇ ಇತ್ತು. ನಾನು ಕೋವಿ ನೋಡಿಯೇ ಇರಲಿಲ್ಲ. ಫೋರ್‌ಮನ್‌ನ ಮೊಬೈಲಿನಲ್ಲಿದ್ದ ಆ ಮೊಹರಿನ ಕಾಗದದ ಫೋಟೋ ತೆರೆಸಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಕೋವಿ ಮೇಸ್ತ್ರಿಯೇ. ಶುಕ್ರವಾರ ಬನ್ನಿ, ಗುರುತಿನ ಕಾರ್ಡು ತನ್ನಿ, ನಿಮ್ಮ ಉಪಕರಣಗಳನ್ನೂ ತನ್ನಿ ಎಂದ.

ಶುಕ್ರವಾರ ರಜೆ. ಉಳಿಗಳ ಚೀಲ ಹಿಡಿದು ಕ್ಲಬ್ಬಿಗೆ ಹೋದೆ. ಗೇಟಿನಲ್ಲಿ ಕಾವಲಿನವರು ಚೀಲ ಬಿಚ್ಚಿಸಿದರು. ಒಂದೊಂದೇ ಉಳಿಯನ್ನು ಎತ್ತಿ, ಅದರ ಅಲಗು ಮುಟ್ಟಿ ನೋಡಿ, ಇದು ತುಂಬ ಹರಿತ ಎಂದರು. ಒಳಗೆ ಗೋಡೆ ತುಂಬ ಕೋವಿ ಇಟ್ಟುಕೊಂಡವರು ನನ್ನ ಕಾಲಿಂಚಿನ ಉಳಿ ನೋಡಿ ಹೆದರಿದರೆ ನಾನು ಏನು ಹೇಳಲಿ? ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಆ ದಿನ ನಾನು ತುಂಬ ನುಂಗಬೇಕಾಗಿತ್ತು.

ಕೋವಿ ಮೇಸ್ತ್ರಿ ಪೇಶಾವರದ ಕಡೆಯವನು, ಬಿಳಿ ಗಡ್ಡ, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ. ಕೋವಿಯನ್ನು ಮೇಜಿನ ಮೇಲೆ ಇಟ್ಟು, ಖಾಲಿ ಇದೆಯೆಂದು ತಾನೊಮ್ಮೆ ನೋಡಿ, ನನಗೊಮ್ಮೆ ತೋರಿಸಿದ. ನಾನು ಹುಟ್ಟಿದ ಮೇಲೆ ಕೋವಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಇದರಲ್ಲಿ ಒಂದು ಸಲ ಬೆರಳು ಎಳೆದರೆ ಒಂದು ಗುಂಡು ಹೋಗುತ್ತದೆ ಭಾಯಿಸಾಬ್, ಮುಂದಿನದು ತಾನೇ ಬಂದು ಕೂರುತ್ತದೆ," ಎಂದ. "ಅಂದರೆ ಒಳಗೆ ಯಾವಾಗಲೂ ಏನೋ ಓಡಾಟ. ಒಳಗಿನ ಓಡಾಟ ಸರಿ. ಹೊರಗಿನ ಮೈ ಮಾತ್ರ ಅಲುಗಬಾರದು. ಬನ್ನಿ, ಮಸಿ ಹಚ್ಚಿ ನೋಡೋಣ."

ಮಸಿ ಹಚ್ಚುವುದೆಂದರೆ ಹೀಗೆ. ಅವನು ಕಬ್ಬಿಣವನ್ನು ಮರದಿಂದ ಬಿಚ್ಚಿ, ಅದರ ತಳಕ್ಕೆ ದೀಪದ ಹೊಗೆಯಿಂದ ತೆಳ್ಳಗೆ ಮಸಿ ಹಿಡಿಸಿದ. ಮತ್ತೆ ಮರದಲ್ಲಿ ಕೂರಿಸಿ, ಸ್ಕ್ರೂ ಬಿಗಿದು, ಅದೇ ಸ್ಕ್ರೂ ಬಿಚ್ಚಿ ಎತ್ತಿದ. ಕಬ್ಬಿಣ ಮರವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಕಪ್ಪು ಗುರುತು ಬೀಳುತ್ತದೆ. ನಾವಿಬ್ಬರೂ ಬಗ್ಗಿ ನೋಡಿದೆವು. ಸ್ಕ್ರೂ ಇದ್ದ ಎರಡು ಜಾಗದಲ್ಲಿ ಕಪ್ಪು. ನಾನು ಹೊಸದಾಗಿ ಹಾಕಿದ ಹಿಂದಿನ ಗೋಡೆ, ಒದೆತ ತಡೆಯಬೇಕಾದ ಆ ಗೋಡೆ, ಒಂದು ಚುಕ್ಕೆಯೂ ಇಲ್ಲದೆ ಸ್ವಚ್ಛವಾಗಿ ನಗುತ್ತಿತ್ತು. ಬದಿಗಳೂ ಹಾಗೆಯೇ.

ಮೇಸ್ತ್ರಿ ಕಬ್ಬಿಣವನ್ನು ಮತ್ತೆ ಮರದಲ್ಲಿ ಕೂರಿಸಿ, ತೆಳ್ಳಗಿನ ಪಟ್ಟಿಯೊಂದನ್ನು ಎರಡರ ನಡುವಿನ ಸಂದಿನಲ್ಲಿ ಇಳಿಸಿ ಸುತ್ತ ಎಳೆದ. ಅದು ಎಲ್ಲೂ ಸಿಕ್ಕಿಕೊಳ್ಳದೆ ಸುತ್ತು ಬಂತು.

"ಮಾಶಾ ಅಲ್ಲಾ! ಎಷ್ಟು ಸಮ ಇದೆ ನೋಡಿ," ಎಂದ. "ನಲವತ್ತು ವರ್ಷದಲ್ಲಿ ಇಷ್ಟು ಚಂದದ ಸಂದು ನಾನು ನೋಡಿಲ್ಲ. ಇದು ಸವೆದದ್ದಲ್ಲ, ಯಾರೋ ಬೇಕೆಂದೇ ಬಿಟ್ಟದ್ದು. ಯಾಕೆ ಬಿಟ್ಟಿರಿ ಭಾಯಿಸಾಬ್?"

ನಾನು ಬಿಟ್ಟಿರಲಿಲ್ಲ. ಅಂದರೆ, ಬಿಡಬೇಕು ಎಂದುಕೊಂಡು ಬಿಟ್ಟಿರಲಿಲ್ಲ. ಆ ಸಂದಿನ ದಪ್ಪ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಒಂದು ಉಗುರಿನ ದಪ್ಪ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಮರ ನೀರು ಕುಡಿದು ಉಬ್ಬುತ್ತದೆ. ಸಂದು ಬಿಡದೆ ಕೂರಿಸಿದ ಬಾಗಿಲು ಜುಲೈಯಲ್ಲಿ ತೆಗೆಯಲು ಬರುವುದಿಲ್ಲ, ಡ್ರಾಯರು ಎಳೆದರೆ ಹಿಡಿ ಕೈಗೆ ಬರುತ್ತದೆ. ಮಳೆಗಾಲಕ್ಕೆ ಒಂದು ಉಗುರು ಬಿಡು ಎಂದು ಅಪ್ಪ ನನಗೆ ಒಂಬತ್ತನೇ ವಯಸ್ಸಿನಿಂದ ಹೇಳಿದ್ದು, ಬಿಡದಿದ್ದಾಗ ಬೆರಳ ಗಂಟಿಗೆ ಕೊಟ್ಟದ್ದು. ಅದು ಈಗ ತಲೆಯಲ್ಲಿಲ್ಲ, ಕೈಯಲ್ಲಿದೆ. ಮರದೊಳಗೆ ಇನ್ನೊಂದು ವಸ್ತು ಕೂರಬೇಕೆಂದರೆ ಉಳಿ ತಾನಾಗಿ ಒಂದು ಉಗುರು ಆಚೆ ಹೋಗುತ್ತದೆ. ಈ ದೇಶದಲ್ಲಿ ವರ್ಷಕ್ಕೆ ನಾಲ್ಕು ದಿನ ಮಳೆ ಬಂದರೆ ರಸ್ತೆಯಲ್ಲಿ ನಿಂತು ವಿಡಿಯೋ ಮಾಡುತ್ತಾರೆ. ಅಂಥ ದೇಶದಲ್ಲಿ, ಏಸಿ ಹಾಕಿದ ಕೋಣೆಯಲ್ಲಿ ಬೀಗ ಹಾಕಿ ಇಡುವ ಕೋವಿಗೆ, ನಾನು ಮಳೆಗಾಲದ ಸಂದು ಬಿಟ್ಟಿದ್ದೆ!

ಮೇಸ್ತ್ರಿಗೆ ಹೇಳಿದೆ. ಅವನು ಮೊದಲು ಅರ್ಥವಾಗದೆ ನನ್ನನ್ನು ನೋಡಿದ. ಆಮೇಲೆ ಕನ್ನಡಕ ತೆಗೆದಿಟ್ಟು ನಗಲು ಶುರು ಮಾಡಿದ. ಕೋಣೆಯ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿ, ಆಕಾಶ ನೋಡಿ, "ಇವತ್ತು ಬರುವ ಲಕ್ಷಣ ಇದೆಯೇ ಭಾಯಿಸಾಬ್?" ಎಂದು ಮತ್ತೆ ನಕ್ಕ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ನಾಚಿಕೆ ಬಂತು.

"ಟೀಚರ್ ಹೆಸರು ತೆಗೆದಿರಾ?" ಎಂದು ಕೇಳಿದೆ.

"ತೆಗೆಯಲು ಹೇಳಿದ್ದಾರೆ. ಪಟ್ಟಿ ಬರೆಯುವವನೂ ನಾನೇ, ಅದು ಮುಗಿಯುವುದು ನಾಳೆ. ನಾಳೆ ತನಕ ನಾನು ಯಾರ ಹೆಸರನ್ನೂ ಹೊಡೆಯುವುದಿಲ್ಲ," ಎಂದ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಏಸಿಯಿಂದ ಮರ ಒಣಗಿ ಸಂದಾಯಿತು ಅಂತ ಹೇಳಿ. ಇಲ್ಲಿ ಹಾಗಾಗುವುದು ಉಂಟು, ಅವರು ನಂಬುತ್ತಾರೆ. ನಿಮ್ಮ ಮರ್ಯಾದೆಯೂ ಉಳಿಯುತ್ತದೆ. ನಾನು ಯಾರಿಗೂ ಹೇಳುವುದಿಲ್ಲ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಏಸಿಯ ಮೇಲೆ ಹಾಕಿದರೆ ಏಸಿ ಬಂದು ಜಗಳವಾಡುವುದಿಲ್ಲ. ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆದರೆ ನಾನು ಅವರ ಕೈ ಎಂದು ಹೇಳಿದಾಗ ಹಾಗೆ ಗಟ್ಟಿಯಾಗಿ ಹೇಳಿದ್ದೆನಲ್ಲ, ಈಗ ಮೆತ್ತಗೆ ಏಸಿ ಎಂದರೆ ಯಾರಿಗೆ ಸಮಾಧಾನ? ಹೆಂಡತಿ ಒಂದೇ ಪ್ರಶ್ನೆಯಲ್ಲಿ ನಿಜ ಹೊರಗೆ ತೆಗೆಯುತ್ತಿದ್ದಳು, ಅದು ಬೇರೆ ವಿಷಯ.

"ಟೀಚರ್, ನಾನು ಕ್ಲಬ್ಬಿನಲ್ಲಿದ್ದೇನೆ," ಎಂದೆ. "ಕೋವಿ ನೋಡಿದೆ. ತಪ್ಪು ನನ್ನದು. ನಿಮ್ಮ ಕೈಯದ್ದಲ್ಲ. ನೋಡದೆ ಮಾತಾಡಿದೆ."

ಸಂದಿನ ಕಥೆಯನ್ನೂ, ಊರಿನ ಮಳೆಯನ್ನೂ ಹೇಳಿದೆ.

"ಎಷ್ಟು ಸಂದು?" ಎಂದರು ಟೀಚರ್.

"ಒಂದು ಉಗುರು."

"ಮಿಲಿಮೀಟರಿನಲ್ಲಿ ಹೇಳಿ ಉಸ್ತಾದ್." ಲೆಕ್ಕದ ಟೀಚರ್ ಅಲ್ಲವೇ!

"ಅರ್ಧ."

"ಸುತ್ತಲೂ ಸಮ ಇದೆಯೇ?"

"ಸಮ ಇದೆ ಟೀಚರ್. ಅದರಲ್ಲಿ ಮಾತ್ರ ತಪ್ಪಿಲ್ಲ."

"ಹಾಗಾದರೆ ನನ್ನ ಗುಂಡುಗಳು ಎಲ್ಲ ದಿಕ್ಕಿಗೂ ಸಮವಾಗಿ ಹೋದದ್ದು ನಿಮ್ಮ ಒಳ್ಳೆಯ ಕೆಲಸದಿಂದ," ಎಂದರು, ಮತ್ತು ನಕ್ಕರು. ಆ ನಗು ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಆಮೇಲೆ ಕೇಳಿದರು, "ಆಯ್ಕೆ ಮುಂದಿನ ಶನಿವಾರ. ಅಷ್ಟರಲ್ಲಿ ಆಗುತ್ತದೆಯೇ? ನಿಜ ಹೇಳಿ, ಸಮಾಧಾನಕ್ಕೆ ಹೇಳಬೇಡಿ."

"ಆಗುತ್ತದೆ."

"ಹೆಸರು ಹಾಗೇ ಇರಲಿ ಎಂದು ಹೇಳಿ."

ಮರ ಮತ್ತೆ ಸಲ್ಮಾಬಾದಿಗೆ ಬಂತು, ಕಾಗದದ ಜೊತೆಗೆ. ಫೋರ್‌ಮನ್ ಮತ್ತೆ ಮೂರು ಸಲ ಓದಿದ. ಗುಂಡಿಯ ಹಿಂದಕ್ಕೂ ಬದಿಗಳಿಗೂ ತೆಳ್ಳಗಿನ ಚಕ್ಕೆಗಳನ್ನು ಅಂಟಿಸಿ, ಸಂದನ್ನು ತುಂಬಿಸಿದ್ದಷ್ಟೇ ಅಲ್ಲದೆ ಬೇಕೆಂದೇ ಸ್ವಲ್ಪ ದಪ್ಪ ಮಾಡಿದೆ. ಅಂಟು ಒಣಗಿದ ಮೇಲೆ ಮಂಗಳವಾರ ಮತ್ತು ಬುಧವಾರ ಅರ್ಧ ದಿನ ರಜೆ ಹಾಕಿ ಕ್ಲಬ್ಬಿನಲ್ಲಿ ಮೇಸ್ತ್ರಿಯ ಮೇಜಿನ ಮೇಲೆ ಕೂತೆ. ಮಸಿ ಹಚ್ಚುವುದು, ಕೂರಿಸುವುದು, ಎತ್ತುವುದು, ಕಪ್ಪು ಬಿದ್ದಲ್ಲಿ ಮಾತ್ರ ಚೂರು ಕೆರೆಯುವುದು, ಮತ್ತೆ ಮಸಿ. ಒಂದೊಂದು ಸಲಕ್ಕೂ ನನ್ನ ಕೈ ಒಂದು ಉಗುರು ಆಚೆ ಹೋಗಲು ಹವಣಿಸುತ್ತಿತ್ತು, ನಾನು ಎಡಗೈಯಿಂದ ಬಲಗೈಯನ್ನು ಹಿಡಿದು ಕೆರೆದೆ. ಐವತ್ತೊಂದನೇ ವಯಸ್ಸಿನಲ್ಲಿ ಅಪ್ಪನ ಮಾತು ಮೀರುವುದು ಸುಲಭವಲ್ಲ. ಮೇಸ್ತ್ರಿ ಪಕ್ಕದಲ್ಲಿ ಕರಕ್ ಚಾ ಕುಡಿಯುತ್ತಾ, "ಮಳೆ ನಿಂತಿತೇ?" ಎಂದು ಆಗಾಗ ವಿಚಾರಿಸುತ್ತಿದ್ದ.

ಬುಧವಾರ ಸಂಜೆ ಐದು ಗಂಟೆಗೆ ಕಬ್ಬಿಣ ಠಕ್ ಎಂದು ಕೂತಿತು. ಎತ್ತಿದಾಗ ಹಿಂದಿನ ಗೋಡೆ ಪೂರ್ತಿ ಕಪ್ಪು, ಬದಿಗಳು ಪೂರ್ತಿ ಕಪ್ಪು. ಸ್ಕ್ರೂ ಹಾಕದೆ ತಲೆಕೆಳಗಾಗಿ ಹಿಡಿದರೂ ಬೀಳಲಿಲ್ಲ. ಮೇಸ್ತ್ರಿ ನನ್ನ ಬೆನ್ನಿಗೆ ಹೊಡೆದ ಪೆಟ್ಟು ಎರಡು ದಿನ ನೋಯುತ್ತಿತ್ತು. ಗುರುವಾರ ಟೀಚರ್ ಒಂದು ಗಂಟೆ ಅಭ್ಯಾಸ ಮಾಡಿ, ಸರಿಯಾಗಿದೆ, ಶನಿವಾರ ಬನ್ನಿ ಎಂದು ಮೆಸೇಜ್ ಕಳಿಸಿದರು.

ಶನಿವಾರ ಹೆಂಡತಿಯೂ ಹೊರಟಳು. ಮದುವೆಗೆ ಹೋಗುವ ಸೀರೆ ಉಟ್ಟಿದ್ದಳು.

"ನೀನು ಎಂತಕ್ಕೆ?"

"ನೀವು ಅಲ್ಲಿ ಬಾಯಿ ಬಿಡದ ಹಾಗೆ ನೋಡಲಿಕ್ಕೆ. ಮತ್ತೆ ಆ ಟೀಚರನ್ನು ಒಮ್ಮೆ ನೋಡ್ಬೇಕು ನಂಗೆ."

ನೋಡಲು ಬಂದವರಿಗೆ ದಪ್ಪ ಗಾಜಿನ ಹಿಂದೆ ಬೆಂಚು ಹಾಕಿದ್ದರು. ಕಿವಿಗೆ ಮುಚ್ಚಿಗೆ ಕೊಟ್ಟರು. ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು, ಟೀಚರ್ ನಾಲ್ಕನೆಯವರು. ಮೂವತ್ತು ಗುಂಡು. ಗುರಿಯ ಕಾಗದ ಅಷ್ಟು ದೂರದಲ್ಲಿ ನಮಗೆ ಕಾಣುವ ಮಾತೇ ಇಲ್ಲ. ಗಾಜಿನ ಆಚೆ ದುರ್ಬೀನಿನ ಹತ್ತಿರ ನಿಂತ ಮೇಸ್ತ್ರಿ ನಮಗೆ ಕಾಣುವ ಹಾಗೆ ಬೆನ್ನ ಹಿಂದೆ ಹೆಬ್ಬೆರಳು ತೋರಿಸುತ್ತೇನೆ ಎಂದಿದ್ದ. ಮೇಲಕ್ಕೆಂದರೆ ಸರಿ, ಕೆಳಕ್ಕೆಂದರೆ ತಪ್ಪು.

ಐದು ಗುಂಡು, ಹೆಬ್ಬೆರಳು ಮೇಲೆ. ಐದು ಯಾವತ್ತೂ ಸರಿಯಾಗುತ್ತಿತ್ತು, ಅದಕ್ಕೆ ನಾನು ಉಸಿರು ಬಿಡಲಿಲ್ಲ. ಆರು, ಏಳು, ಎಂಟು. ಮೇಲೆ. ಹದಿನೈದು. ಮೇಲೆ. ಹೆಂಡತಿ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತುತ್ತಿತ್ತು. ಹದಿನೇಳನೆಯದಕ್ಕೆ ಹೆಬ್ಬೆರಳು ಕೆಳಗೆ ಬಿತ್ತು. ಆಯಿತು, ಬಿಟ್ಟಿತು, ಅಂಟು ಬಿಟ್ಟಿತು ಎಂದುಕೊಂಡೆ. ಎದ್ದು ನಿಂತೆ, ಹೆಂಡತಿ ಅಂಗಿ ಹಿಡಿದು ಕೂರಿಸಿದಳು. ಟೀಚರ್ ಕೋವಿ ಇಳಿಸಿ, ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದು ಮತ್ತೆ ಎತ್ತಿದರು. ಹದಿನೆಂಟು, ಮೇಲೆ. ಹತ್ತೊಂಬತ್ತು, ಮೇಲೆ. ಅಲ್ಲಿಂದ ಮೂವತ್ತರ ತನಕ ಆ ಹೆಬ್ಬೆರಳು ಕೆಳಗೆ ಇಳಿಯಲೇ ಇಲ್ಲ.

ಫಲಿತಾಂಶ ಅರಬ್ಬಿಯಲ್ಲಿ ಓದಿದರು. ಸಂಖ್ಯೆಗಳು ನನಗೆ ಅರ್ಥವಾಗುತ್ತವೆ. ಆಯ್ಕೆಯಾದ ಐದು ಜನರಲ್ಲಿ ಟೀಚರ್ ನಾಲ್ಕನೆಯವರು. ನಾನು ಎಷ್ಟು ಜೋರಾಗಿ ಚಪ್ಪಾಳೆ ಹೊಡೆದೆನೆಂದರೆ ಗೇಟಿನ ಕಾವಲಿನವನು ಒಳಗೆ ಇಣುಕಿ ನೋಡಿದ.

ಟೀಚರ್ ಹೊರಗೆ ಬಂದರು. ಅವರ ಅಣ್ಣನೂ ಮಗಳೂ ಬಂದಿದ್ದರು, ಅವರು ತಬ್ಬಿಕೊಂಡು ಆಯಿತು. ಆಮೇಲೆ ನಮ್ಮ ಬೆಂಚಿನ ಹತ್ತಿರ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡರು. ನಗುತ್ತಿದ್ದವರ ಕಣ್ಣಲ್ಲಿ ಇದ್ದಕ್ಕಿದ್ದ ಹಾಗೆ ನೀರು ಬಂತು.

"ಹದಿನೇಳನೆಯದು ನನ್ನದು ಉಸ್ತಾದ್, ಅವಸರ ಮಾಡಿದೆ. ಕೋವಿಯದ್ದಲ್ಲ," ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಅವಳಿಗೆ ಅರ್ಥವಾಗಲಿ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. "ಇಪ್ಪತ್ತು ವರ್ಷ ನಾನು ಬೋರ್ಡಿನ ಮೇಲೆ ಬರೀ ಕೈಯಲ್ಲಿ ವೃತ್ತ ಬರೆಯುತ್ತಿದ್ದೆ. ಹುಡುಗಿಯರು ಅದನ್ನು ನೋಡಲೆಂದೇ ಕಾಯುತ್ತಿದ್ದರು. ಎಲ್ಲರೂ ಕೈ ಕೈ ಎಂದ ಮೇಲೆ ಭಯವಾಯಿತು. ಮಕ್ಕಳ ಎದುರು ಸೊಟ್ಟ ಬಂದರೆ? ಒಂದು ವರ್ಷದಿಂದ ದೊಡ್ಡ ಮರದ ಕಂಪಾಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾಕೆ ಎಂದು ಯಾರೂ ಕೇಳಲಿಲ್ಲ."

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ಚೆನ್ನಾಗಿತ್ತು. ನಾನು ಊಟದ ಬಾಯಲ್ಲಿ ಎಸೆದ ಒಂದು ಮಾತು ಎಂಥ ಹಳೆಯ ಗಾಯದ ಮೇಲೆ ಹೋಗಿ ಬಿದ್ದಿತ್ತು ಎಂದು ನನಗೆ ಆಗ ಗೊತ್ತಾದದ್ದು.

"ತಪ್ಪಾಯ್ತು ಟೀಚರ್," ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದೆ. ಅವರಿಗೆ ತಿಳಿಯಿತು.

"ನಾಳೆ ಭಾನುವಾರ, ಶಾಲೆ ಇದೆ," ಎಂದರು ಕಣ್ಣು ಒರೆಸಿಕೊಂಡು. "ಮೊದಲ ಪೀರಿಯಡ್ಡಿನಲ್ಲಿ ಏಳನೇ ಕ್ಲಾಸಿಗೆ ವೃತ್ತದ ಪಾಠ. ಕಂಪಾಸ್ ತೆಗೆದುಕೊಂಡು ಹೋಗುವುದಿಲ್ಲ."